ಅನುಮಾನ ಹೇಳಲು ಸಾಕ್ಷಿ ಯಾಕೆ ಬೇಕು?

ದೂರು ಕೊಟ್ಟವನೇ ಜೈಲಿಗೆ ಹೋದ, ನಮಗ್ಯಾಕೆ ಉಸಾಬರಿ ಎಂಬ ಮಾತು ಬೆಳ್ತಂಗಡಿ, ಬಂಟ್ವಾಳದ ಕಡೆ ಈಗ ಸಲೀಸಾಗಿ ಬರುತ್ತದೆ. 2025ರ ಜುಲೈಯಲ್ಲಿ ಮಾಜಿ ಸ್ವಚ್ಛತಾ ಕಾರ್ಮಿಕರೊಬ್ಬರು ಧರ್ಮಸ್ಥಳದಲ್ಲಿ ಹೆಣಗಳನ್ನು ಹೂತಿದ್ದೇನೆಂದು ದೂರಿತ್ತರು. ವಿಶೇಷ ತನಿಖಾ ತಂಡ (ಎಸ್‌ಐಟಿ) ಬಂತು, ನೆಲ ಅಗೆದದ್ದಾಯಿತು. ಆಗಸ್ಟ್ 23ರಂದು ಸುಳ್ಳು ಸಾಕ್ಷ್ಯದ ಆರೋಪದಲ್ಲಿ ಅವರನ್ನೇ ಬಂಧಿಸಿದರು. ಅದರ ಸತ್ಯಾಸತ್ಯವನ್ನು ನ್ಯಾಯಾಲಯ ನೋಡಿಕೊಳ್ಳಲಿ. ಅದನ್ನೇ ನೆಪ ಮಾಡಿಕೊಂಡು ಪಕ್ಕದ ಮನೆಯ ಮಗುವಿನ ವಿಷಯದಲ್ಲಿ ಬಾಯಿ ಮುಚ್ಚಿಕೊಳ್ಳುವುದನ್ನು ಮಾತ್ರ ನಾನು ಒಪ್ಪಲಾರೆ.

ಚುರುಕಾಗಿದ್ದ ಮಗು ಒಮ್ಮೆಲೇ ಮಂಕಾಗುತ್ತದೆ. ಒಬ್ಬ ನೆಂಟನ ಹೆಸರೆತ್ತಿದರೆ ಎದ್ದು ಹೋಗುತ್ತದೆ. ಇದು ಮೊದಲು ಕಣ್ಣಿಗೆ ಬೀಳುವುದು ಟೀಚರಿಗೆ, ಬಿಸಿಯೂಟದ ಅಕ್ಕನಿಗೆ, ಹಾಸ್ಟೆಲ್ ವಾರ್ಡನ್‌ಗೆ. ಅವರು ತನಿಖೆ ಮಾಡಬೇಕಾಗಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಕೇಳುವುದು ಸಾಕ್ಷಿಯನ್ನಲ್ಲ. ಶಂಕೆ ಬಂದರೂ ತಿಳಿಸಬೇಕು ಎನ್ನುತ್ತದೆ. ಸದುದ್ದೇಶದಿಂದ ಹೇಳಿದವರಿಗೆ ಅದೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಶಿಕ್ಷೆ ಇರುವುದು ಮುಚ್ಚಿಟ್ಟವರಿಗೆ: ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ. ಸಂಸ್ಥೆಯ ಹೆಸರು ಕೆಡುತ್ತದೆ, ಹುಡುಗಿಯ ಮದುವೆಗೆ ತೊಡಕಾಗುತ್ತದೆ ಎಂದು ಪಂಚಾತಿಕೆಯಲ್ಲಿ ಮುಗಿಸುವ ದೊಡ್ಡವರು ಮಾಡುತ್ತಿರುವುದು ಅಪರಾಧ. ಅದಕ್ಕೆ ಬೇರೆ ಹೆಸರಿಲ್ಲ.

ಧರ್ಮಸ್ಥಳದ ದೂರು ಬಂದ ಅದೇ ಜುಲೈಯಲ್ಲಿ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರವೆಸಗಿದ ಆರೋಪದಲ್ಲಿ ಮೂಡುಬಿದಿರೆಯ ಖಾಸಗಿ ಕಾಲೇಜಿನ ಇಬ್ಬರು ಉಪನ್ಯಾಸಕರೂ ಅವರ ಸ್ನೇಹಿತನೂ ಬಂಧಿತರಾದರು. ಪ್ರಕರಣ ದಾಖಲಾದದ್ದು ಬೆಂಗಳೂರಿನ ಮಾರತ್ತಹಳ್ಳಿ ಠಾಣೆಯಲ್ಲಿ. ಅದಕ್ಕೂ ಮೊದಲು ಮನೆಯವರು ಮಹಿಳಾ ಆಯೋಗದ ಮೊರೆ ಹೋಗಿದ್ದರು. ಹಾಸ್ಟೆಲ್‌ಗಳಿಂದ ತುಂಬಿದ ಊರು ಮೂಡುಬಿದಿರೆ. ಅಲ್ಲಿ ಮಕ್ಕಳನ್ನು ಬಿಟ್ಟು ಬಂದ ತಂದೆತಾಯಿ ಮೊದಲ ದಿನವೇ ಕೇಳಬೇಕು: ನಮ್ಮ ಮಗು ಕಷ್ಟ ಹೇಳಿಕೊಳ್ಳುವುದಾದರೆ ಇಲ್ಲಿ ಯಾರ ಹತ್ತಿರ ಹೇಳಬೇಕು? ಫಲಿತಾಂಶದ ಫ್ಲೆಕ್ಸ್ ಹಾಕುವ ಸಂಸ್ಥೆಗಳು ಆ ಹೆಸರನ್ನೂ ಗೋಡೆಗೆ ಹಾಕಲಿ.

ಇನ್ನು ಕೊಕ್ಕಡದಂಥ ಊರುಗಳಲ್ಲಿ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿದ್ದಾರೆ, ಅವರಲ್ಲಿ ಮಾತೇ ಬಾರದವರೂ ಇದ್ದಾರೆ. ಹದಿನೆಂಟು ದಾಟಿದವರಿಗೆ ಪೋಕ್ಸೊ ಒದಗುವುದಿಲ್ಲ. ಅವರ ಮೈಮೇಲಿನ ಗಾಯ ನೋಡಿ ಕೇಳಬೇಕಾದವರು ಮನೆಗೆ ಹೋಗುವ ಆಶಾ ಕಾರ್ಯಕರ್ತೆ ಮತ್ತು ನೆರೆಯವರು.

ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಇರುತ್ತದೆ. ಮಗುವಿನ ವಿಷಯಕ್ಕೆ ಠಾಣೆಗೇ ಹೋದರೆ ನೀವು ಹೇಳಿದ್ದನ್ನು ಪೊಲೀಸರು ಬರೆದುಕೊಂಡು, ನಿಮಗೆ ಓದಿ ಹೇಳಿ, ಅದಕ್ಕೊಂದು ನಮೂದು ಸಂಖ್ಯೆ ಕೊಡಬೇಕು. ವಿಷಯವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಆ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳದೆ ಠಾಣೆಯಿಂದ ಹೊರಡಬೇಡಿ.