ಯಾಚನೆ ಯಾರಲ್ಲಿ?

1998ನೆಯ ಇಸವಿಯ ಮಳೆಗಾಲದಲ್ಲಿ ನಮ್ಮ ಶಾಲೆಯ ಉರ್ದೂ ಉಪಾಧ್ಯಾಯರ ಮಗಳಿಗೆ ವಿಷಮಜ್ವರವುಂಟಾಯಿತು. ಎರಡು ರಾತ್ರಿ ನಾನು ಆಸ್ಪತ್ರೆಯಲ್ಲಿ ಅವರ ಜೊತೆಗೆ ಎಚ್ಚರವಾಗಿದ್ದೆನು. ಔಷಧದ ಹಣದಲ್ಲಿ ಸ್ವಲ್ಪ ಭಾಗವನ್ನೂ ಕೊಟ್ಟಿದ್ದೆನು. ಮರುದಿನ ಬೆಳಿಗ್ಗೆ ಜ್ವರವು ಇಳಿಯಿತೆಂದು ವೈದ್ಯರು ಹೇಳಿದೊಡನೆ ಅವರು ಮೊಗಸಾಲೆಗೆ ಹೋಗಿ, ಹೆಗಲಿನ ವಸ್ತ್ರವನ್ನು ಹಾಸಿ, ನೆಲಕ್ಕೆ ಹಣೆಯನ್ನಿಟ್ಟು ಬಹಳ ಹೊತ್ತು ಹಾಗೆಯೇ ಇದ್ದರು. ನನ್ನ ಕಡೆಗೆ ತಿರುಗಿ ಒಂದು ಮಾತನ್ನೂ ಆಡಲಿಲ್ಲ. ವಾಚಕರಲ್ಲಿ ಮುಚ್ಚುಮರೆಯೇಕೆ? ನನ್ನ ಮನಸ್ಸು ನೊಂದಿತು. ಮನೆಗೆ ಬಂದು ನಮ್ಮ ಮನೆಯವರೊಡನೆ, “ಇವರಿಗೆ ದೇವರೊಬ್ಬನಿದ್ದರೆ ಸಾಕು, ಮನುಷ್ಯರು ಬೇಡ” ಎಂದುಬಿಟ್ಟೆನು.

ಆ ಮಾತು ಎಷ್ಟು ಅವಿಚಾರದ್ದೆಂಬುದು, ಅನಂತರ ಅವರಿಂದಲೇ ಕೇಳಿ, ಗ್ರಂಥಗಳನ್ನೂ ನೋಡಿದ ಮೇಲೆ ತಿಳಿಯಿತು.

ಸಹಾಯವನ್ನು ದೇವರೊಬ್ಬನಲ್ಲಿಯೇ ಬೇಡತಕ್ಕದ್ದೆಂಬುದು ಇಸ್ಲಾಂ ಮತದ ಮುಖ್ಯ ತತ್ತ್ವಗಳಲ್ಲೊಂದು. ಇದು ಕುರಾನಿನ ಮೊದಲನೆಯ ಅಧ್ಯಾಯವಾದ ‘ಫಾತಿಹಾ’ದಲ್ಲಿಯೇ ಬಂದಿದೆ. ಏಳೇ ವಾಕ್ಯಗಳ ಈ ಅಧ್ಯಾಯವನ್ನು ನಮಾಜಿನ ಪ್ರತಿಯೊಂದು ಆವೃತ್ತಿಯಲ್ಲಿಯೂ, ಅಂದರೆ ‘ರಕಅತ್’ತಿನಲ್ಲಿಯೂ, ಪಠಿಸುವರು. ಐದು ಹೊತ್ತಿನ ಕಡ್ಡಾಯದ ರಕಅತ್ತುಗಳು ದಿನಕ್ಕೆ 17. ಇದರ ನಡುವಣ ವಾಕ್ಯವೊಂದರಲ್ಲಿ ಆರಾಧನೆ, ಸಹಾಯಯಾಚನೆ ಎರಡೂ ಒಟ್ಟಿಗೆ ಬಂದಿವೆ. ವ್ಯಾಕರಣವನ್ನು ಕಲಿಸಿ ಬದುಕಿದವನಾದುದರಿಂದ ನನ್ನ ಕಣ್ಣು ಮೊದಲು ಪದರಚನೆಯ ಮೇಲೆಯೇ ಬಿದ್ದಿತು. ಅರಬ್ಬೀ ಭಾಷೆಯಲ್ಲಿ ಕರ್ಮಪದವು ಸಾಮಾನ್ಯವಾಗಿ ಕ್ರಿಯಾಪದದ ತರುವಾಯ ಬರುವುದು. ಇಲ್ಲಿಯಾದರೋ ‘ನಿನ್ನನ್ನು’ ಎಂಬರ್ಥದ ‘ಇಯ್ಯಾಕ’ ಎಂಬ ಪದವು ಕ್ರಿಯೆಗಿಂತ ಮೊದಲು ನಿಂತಿದೆ. ಎರಡು ಕ್ರಿಯೆಗಳಿಗೂ ಬೇರೆ ಬೇರೆಯಾಗಿ ಎರಡು ಸಲ ಬಂದಿದೆ. ಸಂಸ್ಕೃತದಲ್ಲಿ ‘ಏವ’ ಎಂಬ ಅವ್ಯಯವೂ ಕನ್ನಡದಲ್ಲಿ ಅವಧಾರಣೆಯ ಏಕಾರವೂ ಮಾಡುವ ಕೆಲಸವನ್ನು ಅಲ್ಲಿ ಪದದ ಸ್ಥಾನವೇ ಮಾಡುವುದು. ಇನ್ನೊಂದು ವಿಶೇಷವುಂಟು. ಬೇಡುವವನು ಒಂಟಿಯಾಗಿದ್ದರೂ ಕ್ರಿಯೆಯು ಬಹುವಚನದ್ದು! ನೆರೆಯವನನ್ನು ಬಿಟ್ಟು ತಾನೊಬ್ಬನೇ ಬೇಡಿಕೊಳ್ಳುವುದಕ್ಕೆ ಆ ವಾಕ್ಯದಲ್ಲಿ ಎಡೆಯಿಲ್ಲ.

ಹಾಗಾದರೆ ವೈದ್ಯನನ್ನು ಕರೆಯುವುದು ದೋಷವೇ? ಅಲ್ಲ. ಸತ್ಕಾರ್ಯದಲ್ಲಿ ಒಬ್ಬರಿಗೊಬ್ಬರು ನೆರವಾಗಬೇಕೆಂದು ಕುರಾನಿನ ಐದನೆಯ ಅಧ್ಯಾಯವೇ ವಿಧಿಸಿದೆ. ಮೊದಲು ಒಂಟೆಯನ್ನು ಕಟ್ಟಿ ಆಮೇಲೆ ದೇವರಲ್ಲಿ ಭರವಸೆಯಿಡಬೇಕೆಂಬ ಅಭಿಪ್ರಾಯದ ಪ್ರವಾದಿವಚನವೂ ಪ್ರಸಿದ್ಧವಾದುದು. ಔಷಧವೂ ಮಿತ್ರನೂ ಸಾಧನಗಳು. ದೇವರಿಗೆ ಮಾತ್ರ ಸಾಧ್ಯವಾದುದನ್ನು ಬೇರೊಬ್ಬರಲ್ಲಿ ಬೇಡಿದರೆ ಅದು ‘ಶಿರ್ಕ್’, ಎಂದರೆ ದೇವರಿಗೆ ಸಹಭಾಗಿಯನ್ನು ಕಲ್ಪಿಸುವ ಮಹಾಪಾತಕ.

ಮೃತರಾದ ಸಂತರನ್ನು ಮುಂದಿಟ್ಟುಕೊಂಡು ದೇವರನ್ನು ಬೇಡಬಹುದೇ ಎಂಬಲ್ಲಿ ಮಾತ್ರ ಮುಸಲ್ಮಾನರಲ್ಲಿಯೇ ಮತಭೇದವುಂಟು. ಪ್ರವಾದಿಗಳು 632ರಲ್ಲಿ ತೀರಿಕೊಂಡರು. ಅನಂತರ ಮಳೆಯಿಲ್ಲದೆ ಕ್ಷಾಮವುಂಟಾದಾಗ ಎರಡನೆಯ ಖಲೀಫರಾದ ಉಮರರು, ಪ್ರವಾದಿಗಳ ಚಿಕ್ಕಪ್ಪಂದಿರಾದ ಅಬ್ಬಾಸರನ್ನು ಮುಂದಿಟ್ಟುಕೊಂಡು ಮಳೆಗಾಗಿ ಪ್ರಾರ್ಥಿಸಿದರೆಂದು ಬುಖಾರಿಯವರ ಹದೀಸ್ ಸಂಗ್ರಹದಲ್ಲಿದೆ. ಬದುಕಿರುವವರ ಪ್ರಾರ್ಥನೆಯನ್ನು ಕೋರಬಹುದು, ಮೃತರನ್ನು ಕೋರಕೂಡದು ಎಂಬುದಕ್ಕೆ ಇದೇ ಪ್ರಮಾಣವೆಂದು ಇಬ್ನ್ ತೈಮಿಯಾ (1263–1328) ಮೊದಲಾದ ಪಂಡಿತರು ವಾದಿಸಿದರು. ಸೂಫಿಗಳಲ್ಲಿ ಅನೇಕರು ಇದನ್ನೊಪ್ಪರು. ಕೊಡುವವನು ದೇವರೇ, ಸಂತನು ನಮ್ಮ ಪರವಾಗಿ ಬಿನ್ನವಿಸುವವನು ಮಾತ್ರ ಎಂಬುದು ಇವರ ಸಮಾಧಾನ. ನನ್ನ ಅಲ್ಪಮತಿಗೆ ತೋರುವಂತೆ ಎರಡು ಪಕ್ಷದವರೂ ಆ ಏಕಾರವನ್ನು ಬಿಟ್ಟವರಲ್ಲ. ಅದರ ವ್ಯಾಪ್ತಿ ಎಲ್ಲಿಯವರೆಗೆ ಎಂಬುದೇ ವ್ಯಾಜ್ಯ. ನಮ್ಮ ಮೀಮಾಂಸಕರ ಜಗಳಗಳೂ ಇಂತಹುವೇ ಅಲ್ಲವೇ!

ಸಂಬಳ ಬಂದ ದಿನ ಉಪಾಧ್ಯಾಯರು ನಮ್ಮ ಮನೆಗೆ ಬಂದು ಹಣವನ್ನು ಮುಂದಿಟ್ಟರು. “ಶಾಸ್ತ್ರಿಗಳೇ, ಜನರ ಉಪಕಾರವನ್ನು ನೆನೆಯದವನು ದೇವರನ್ನೂ ನೆನೆದಂತಾಗದೆಂದು ನಮ್ಮಲ್ಲಿ ಹೇಳುವರು. ಅಂದು ನನಗೆ ನಾಲಗೆಯೇ ಏಳಲಿಲ್ಲ. ಆ ರಾತ್ರಿ ನಾನು ಬೇಡಿದುದು ಅವನಲ್ಲಿ, ಬಾಗಿಲಿಗೆ ಬಂದು ನಿಂತವರು ನೀವು” ಎಂದರು. ನಾನು ಮನೆಯಲ್ಲಿ ಆಡಿದ್ದ ಮಾತನ್ನು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಮಾತನ್ನು ಬೇರೆ ಕಡೆಗೆ ತಿರುಗಿಸಲೆಂದು ದರ್ಗಾಗಳ ವಿಚಾರವನ್ನು ಕೇಳಿದೆನು. ತಾವು ಹೋಗುವವರಲ್ಲವೆಂದರು. “ನಮ್ಮ ತಾಯಿಯವರು ಮಾತ್ರ ಪ್ರತಿವರ್ಷವೂ ಬಂದೇ ನವಾಜರ ಉರುಸಿಗೆ ಕಲಬುರಗಿಗೆ ಹೋಗುವರು. ಬೇಡವೆಂದು ಎಷ್ಟೋ ಸಲ ವಾದಿಸಿದ್ದೇನೆ. ಬಸ್ಸಿನ ಟಿಕೇಟನ್ನು ತೆಗೆಸಿಕೊಡುವವನೂ ನಾನೇ” ಎಂದು ನಕ್ಕರು.