ಟೈಪ್ ಮಾಡೋದು ಕೈಯಲ್ಲಿ ತಾನೇ?

"ಆಪರೇಷನ್ ಆಗಿರೋದು ಕಾಲಿಗೆ. ಟೈಪ್ ಮಾಡೋದು ಕೈಯಲ್ಲಿ ತಾನೇ?" ಗುರುಗ್ರಾಮದಿಂದ ನೋಯ್ಡಾವರೆಗೆ ಈ ಮಾತನ್ನು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಒಮ್ಮೆ ನಮ್ಮ ಮಂಡ್ಯದವರೊಬ್ಬರ ಬಾಯಿಂದ ಅಚ್ಚ ಕನ್ನಡದಲ್ಲೂ ಕೇಳಿದ್ದೇನೆ. ಹೇಳುವವರು ಕೆಟ್ಟವರಲ್ಲ. ಆಫೀಸಿಗೆ ಬರಬೇಡ, ಮನೆಯಿಂದಲೇ ಲಾಗಿನ್ ಆಗು ಅನ್ನುವಾಗ ಉಪಕಾರ ಮಾಡುತ್ತಿದ್ದೇವೆಂದೇ ನಂಬಿರುತ್ತಾರೆ. ನನ್ನ ತಕರಾರು ಈ ಉಪಕಾರದ ಮೇಲೆಯೇ.

ಪಾದದಲ್ಲಿ 26 ಮೂಳೆಗಳಿವೆ. ಅದರಲ್ಲಿ ಒಂದಕ್ಕೆ ಸ್ಕ್ರೂ ಹಾಕಿದರೂ ಡಾಕ್ಟರು ಒತ್ತಿ ಹೇಳುವುದು ಎತ್ತರದ ಬಗ್ಗೆ: ಮೊದಲ ಎರಡು ವಾರ ದಿನದ ಹೆಚ್ಚು ಹೊತ್ತು ಪಾದ ಎದೆಗಿಂತ ಮೇಲಿರಬೇಕು. ಕಾಲು ಇಳಿಬಿಟ್ಟರೆ ಊತ ಏರುತ್ತದೆ, ಊತ ಏರಿದರೆ ಹೊಲಿಗೆ ಬಿಗಿದು ಗಾಯ ಮಾಯುವುದು ತಡವಾಗುತ್ತದೆ, ಸೋಂಕಿಗೂ ದಾರಿಯಾಗುತ್ತದೆ. ಕಳೆದ ಚಳಿಗಾಲದಲ್ಲಿ ನನ್ನ ಎಡಪಾದದ ಕಿರುಬೆರಳಿನ ಹಿಂದಿನ ಮೂಳೆಗೆ ಶಸ್ತ್ರಚಿಕಿತ್ಸೆಯಾಯಿತು. ಎದೆಗಿಂತ ಮೇಲೆ ಪಾದ ಇಡಲು ನಾಲ್ಕು ದಿಂಬು ಬೇಕು. ಆ ಭಂಗಿಯಲ್ಲಿ ಲ್ಯಾಪ್‌ಟಾಪಿನ ಪರದೆಗಿಂತ ಚೆನ್ನಾಗಿ ಫ್ಯಾನು ಕಾಣಿಸುತ್ತದೆ. ಒಂಬತ್ತು ತಾಸು ಕುರ್ಚಿಯಲ್ಲಿ ಕೂತು ಮಾಡುವ 'ವರ್ಕ್ ಫ್ರಮ್ ಹೋಮ್' ವಿಶ್ರಾಂತಿ ಅಲ್ಲ, ಮನೆಯ ಬಾಡಿಗೆಯಲ್ಲಿ ನಡೆಯುವ ಆಫೀಸು.

ಕದಲದೆ ಕೂತರೆ ಇನ್ನೊಂದು ಅಪಾಯವಿದೆ, ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವುದು. ಅಲ್ಲಿ ಊದಿ ನೋಯತೊಡಗಿದರೆ, ಇದ್ದಕ್ಕಿದ್ದಂತೆ ಉಸಿರಾಟ ಕಷ್ಟವಾದರೆ, ಮೀಟಿಂಗ್ ಮುಗಿಯಲಿ ಎಂದು ಕಾಯಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ. ಮೂಳೆ ಕೂಡಲು ಸಾಮಾನ್ಯವಾಗಿ ಆರು ವಾರವಾದರೂ ಬೇಕು. ಸಿಗರೇಟು ಸೇದುವವರಿಗೆ, ಸಕ್ಕರೆ ಕಾಯಿಲೆಯವರಿಗೆ ಇನ್ನೂ ಹೆಚ್ಚು.

ಇಷ್ಟು ಹೇಳಿದರೆ ಆಫೀಸು ವೀರಗಾಥೆ ತೆಗೆಯುತ್ತದೆ. 2025ರ ಜುಲೈನಲ್ಲಿ ಮ್ಯಾಂಚೆಸ್ಟರಿನಲ್ಲಿ ಪಾದದ ಮೂಳೆ ಮುರಿದುಕೊಂಡೂ ಕುಂಟುತ್ತಾ ಬಂದು ಅರ್ಧಶತಕ ಪೂರೈಸಿದ ದೆಹಲಿಯ ರಿಷಭ್ ಪಂತ್ ಈಗ ಎಲ್ಲ ಸ್ಫೂರ್ತಿ ಸ್ಲೈಡುಗಳಲ್ಲೂ ಇದ್ದಾರೆ. ಮುಂದಿನ ಟೆಸ್ಟ್ ಅವರು ಆಡಲಿಲ್ಲ, ಮತ್ತೆ ಪಂದ್ಯಕ್ಕಿಳಿದದ್ದು ಅಕ್ಟೋಬರ್ ಕೊನೆಗೆ ಎಂಬುದು ಆ ಸ್ಲೈಡಿನಲ್ಲಿಲ್ಲ. ಮೊಹಮ್ಮದ್ ಶಮಿ 2024ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಹಿಮ್ಮಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಚೇತರಿಸಿಕೊಂಡು, ರಣಜಿ ಆಡಿದ್ದು ನವೆಂಬರಿನಲ್ಲಿ. ವೇಗದ ಬೌಲರನ ಹಿಮ್ಮಡಿ ಬೇರೆ, ಟೆಸ್ಟಿಂಗ್ ಇಂಜಿನಿಯರನ ಹಿಮ್ಮಡಿ ಬೇರೆ, ಒಪ್ಪಿದೆ. ಆದರೆ ಒಂಬತ್ತು ತಿಂಗಳು ಕೇಳಿದವರು ಯಾರು? ನಾವು ಕೇಳುತ್ತಿರುವುದು ಆರು ವಾರ.

ಕೇಳಿದರೆ ಸಿಗುವುದೇನು? ದೆಹಲಿಯ ಅಂಗಡಿ ಮತ್ತು ಸಂಸ್ಥೆಗಳ 1954ರ ಕಾಯ್ದೆಯಲ್ಲಿ ಕಾಯಿಲೆಗೂ ಸಾಂದರ್ಭಿಕಕ್ಕೂ ಸೇರಿ ವರ್ಷಕ್ಕೆ 12 ದಿನ ರಜೆ. ಮೊದಲ ಡ್ರೆಸಿಂಗ್ ಬದಲಿಸುವಷ್ಟರಲ್ಲಿ ಮುಗಿಯುತ್ತದೆ. ಕಂಪನಿಯ ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ ಕಟ್ಟುತ್ತದೆ, ದಿನಗಳನ್ನು ಕೊಡುವುದಿಲ್ಲ. ನಮ್ಮದೇ ಮಹಡಿಯಲ್ಲಿ ನೆಲ ಒರೆಸುವವರಿಗೆ, ಸಂಬಳ 21,000 ರೂಪಾಯಿಯೊಳಗಿದ್ದು ಗುತ್ತಿಗೆದಾರ ಪ್ರಾಮಾಣಿಕವಾಗಿ ವಂತಿಗೆ ಕಟ್ಟಿದ್ದರೆ, ಇಎಸ್‌ಐ ಅಡಿಯಲ್ಲಿ ವರ್ಷಕ್ಕೆ 91 ದಿನದವರೆಗೆ ಶೇ. 70ರಷ್ಟು ವೇತನ ಸಿಗುತ್ತದೆ. ಇಎಸ್‌ಐ ಯೋಜನೆ 1952ರಲ್ಲಿ ಮೊದಲು ಜಾರಿಯಾದದ್ದು ಕಾನ್ಪುರದಲ್ಲಿ ಮತ್ತು ಇದೇ ದೆಹಲಿಯಲ್ಲಿ. ಕಾರ್ಮಿಕನ ದೇಹಕ್ಕೆ ಸಮಯ ಬೇಕೆಂದು ಆ ಕಾಲಕ್ಕೇ ಗೊತ್ತಿತ್ತು. ನಾವು ಕಾರ್ಮಿಕರಲ್ಲ, 'ಪ್ರೊಫೆಶನಲ್'ಗಳು. ಆ ಪದ ಕೇಳಲು ಹಿತವಾಗಿದೆ, ಅಷ್ಟೇ.

ರಜೆ ಕೊಟ್ಟರೆ ದುರುಪಯೋಗವಾಗುತ್ತದಂತೆ. ಎಕ್ಸ್‌ರೇಯಲ್ಲಿ ಸ್ಕ್ರೂ ಕಾಣಿಸುತ್ತದಲ್ಲ ಸ್ವಾಮಿ! ಪ್ರಾಜೆಕ್ಟ್ ನಿಲ್ಲುತ್ತದಂತೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಹುಡುಗನೊಬ್ಬ ರಾಜೀನಾಮೆ ಕೊಟ್ಟು ಹೋದರೆ ಹೇಗೋ ನಿಭಾಯಿಸುತ್ತೇವೆ, ಸರ್ವರ್ ಸ್ಥಳಾಂತರಕ್ಕೆ ಮೂರು ವಾರ ಹೆಚ್ಚುವರಿ ಇಟ್ಟುಕೊಳ್ಳುತ್ತೇವೆ. ಮೂಳೆಗೆ ಮಾತ್ರ ಬಫರ್ ಇಲ್ಲ.

ಊರಲ್ಲಾದರೆ ಪುತ್ತೂರು ಕಟ್ಟು ಹಾಕಿಸಿಕೊಂಡು ಬಂದ ರೈತನನ್ನೂ ಕಟ್ಟು ಬಿಚ್ಚುವ ತನಕ ಗದ್ದೆಗೆ ಕರೆಯುವುದಿಲ್ಲ. (ಕಟ್ಟಿಗೆ ಹೋಗಿ ಅನ್ನುತ್ತಿಲ್ಲ, ಎಕ್ಸ್‌ರೇ ತೆಗೆಸಿ.) ನೀರು ತಂದುಕೊಡಲು ಮನೆತುಂಬ ಜನ ಇರುತ್ತಾರೆ. ಇಲ್ಲಿ ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ ಒಂಟಿಯಾಗಿರುವ ಹುಡುಗಿಗೆ ಆಪರೇಷನ್ ಆದರೆ, ಅವಳಮ್ಮ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಬರಬೇಕು. ಬಂದಮೇಲೆ ತರಕಾರಿಯವನ ಹಿಂದಿಗೂ ಅವರೇ ತಲೆ ಕೊಡಬೇಕು. ಮಗಳು ಒಳಗೆ ಸ್ಟ್ಯಾಂಡಪ್ ಕಾಲ್‌ನಲ್ಲಿ ಇರುತ್ತಾಳೆ. ಹೌದು, ಆ ಸಭೆಯ ಹೆಸರೇ ಸ್ಟ್ಯಾಂಡಪ್.

ಆಪರೇಷನ್ನಿಗೆ ಆರು ವಾರದ ಪ್ರತ್ಯೇಕ ಸಂಬಳಸಹಿತ ರಜೆ, ಮೊದಲ ಎರಡು ವಾರ ಲ್ಯಾಪ್‌ಟಾಪ್ ಆಫೀಸಿನ ವಶದಲ್ಲಿ: ಇಷ್ಟನ್ನು ನಮ್ಮ ಎಚ್‌ಆರ್‌ಗೆ ಬರೆದುಕೊಟ್ಟೆ. ಎಲ್ಲರ ಮೇಜಿನಡಿಗೂ ಫುಟ್‌ರೆಸ್ಟ್ ತರಿಸುವ ಯೋಚನೆಯಿದೆ ಎಂದು ಉತ್ತರ ಬಂದಿದೆ. ಅದರ ಎತ್ತರ ನಾಲ್ಕು ಇಂಚು. ಮತ್ತೆ ಬರೆದಿದ್ದೇನೆ, ಈ ಸಲ ನಮ್ಮ ತಂಡದ ಹನ್ನೊಂದು ಜನ ಸಹಿ ಹಾಕಿದ್ದಾರೆ.