ಹಾರ-ಶಾಲು ಸರಿ, ಎಂಟನೇ ಕ್ಲಾಸಿನ ಮಕ್ಕಳ ಲೆಕ್ಕ ಯಾರು ಇಡ್ತಾರೆ?

ಕಂಪ್ಲಿ: ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು ಅಂದ್ರೆ ಸಾಕು, ನಮ್ಮ ಸರ್ಕಾರಿ ಶಾಲೆಗಳಲ್ಲಿ ಹಬ್ಬದ ಕಳೆ. ಹೆಚ್ಚು ಅಂಕ ತೆಗೆದ ಮಕ್ಕಳಿಗೆ ಹಾರ, ಶಾಲು, ನೆನಪಿನ ಕಾಣಿಕೆ, ಅಪ್ಪ-ಅಮ್ಮನ ಜೊತೆ ಫೋಟೊ. ಬಜಾರಿನ ಅಂಗಡಿಯವರೂ ಕೈಲಾದಷ್ಟು ಕೊಡ್ತಾರೆ. ಇದು ಆಗಲೇಬೇಕು. ಭತ್ತದ ಗದ್ದೆಗೆ ಕೂಲಿಗೆ ಹೋಗುವ ತಾಯಿ ಮಗಳ ಜೊತೆ ವೇದಿಕೆ ಹತ್ತೋದು ಸಣ್ಣ ಮಾತಲ್ಲ. ಅವತ್ತು ಆ ಓಣಿಯ ಇನ್ನೂ ನಾಲ್ಕು ತಾಯಂದಿರು "ನಮ್ಮ ಹುಡುಗಿನೂ ಓದ್ಲಿ" ಅಂದುಕೊಂಡ್ರೆ ಆ ಹಾರದ ದುಡ್ಡು ವಸೂಲಾದಂತೆ.

ಆದರೆ ಒಂದು ಪ್ರಶ್ನೆ ಉಳಿಯುತ್ತೆ. ಎಂಟನೇ ಕ್ಲಾಸಿನಲ್ಲಿ ಆ ಹುಡುಗಿಯ ಪಕ್ಕದಲ್ಲಿ ಕೂತಿದ್ದವರೆಲ್ಲ ಹತ್ತನೇ ತರಗತಿಯವರೆಗೆ ಬಂದ್ರಾ?

ಶೇಕಡಾವಾರು ಹೇಳದ ಮಾತು

ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕ ಹೆಚ್ಚಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳೀತು. ಒಂದೇ ವರ್ಷದಲ್ಲಿ ಮಕ್ಕಳೆಲ್ಲ ದಡ್ಡರಾದರು ಅಂತ ಇದರ ಅರ್ಥ ಅಲ್ಲ. ಅಳತೆಯ ಕೋಲು ಬದಲಾದರೆ ಅಂಕಿನೂ ಬದಲಾಗುತ್ತೆ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಈ ಶೇಕಡಾವಾರಿನಲ್ಲಿ ಸೇರೋದು ಪರೀಕ್ಷೆಗೆ ಕೂತವರು ಮಾತ್ರ. ಎಂಟು ಮುಗಿಸಿ ಗದ್ದೆಗೋ, ಹೋಟ್ಲಿಗೋ, ಗ್ಯಾರೇಜಿಗೋ ಹೋದವರು ಆ ಲೆಕ್ಕಕ್ಕೇ ಬರಲ್ಲ.

ಎಂಟನೇ ತರಗತಿ ಯಾಕೆ ಮುಖ್ಯ? ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಎಂಟನೇ ತರಗತಿವರೆಗೆ. ಆಮೇಲೆ ಕಾನೂನಿನ ಹಿಡಿತ ಸಡಿಲ. ಎಷ್ಟೋ ಹಳ್ಳಿಗಳಲ್ಲಿ ಶಾಲೆ ಏಳಕ್ಕೋ ಎಂಟಕ್ಕೋ ಮುಗಿಯುತ್ತೆ. ಹೈಸ್ಕೂಲಿಗೆ ಪಕ್ಕದ ಊರಿಗೆ ಹೋಗಬೇಕು. ಬಸ್ ಸರಿಯಾದ ಟೈಮಿಗೆ ಇಲ್ಲ ಅಂದ್ರೆ ಮೊದಲು ಶಾಲೆ ಬಿಡೋದು ಹೆಣ್ಣುಮಕ್ಕಳು. ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದರೆ ಹಾಜರಿ ಪುಸ್ತಕ ನೋಡಿದ್ರೆ ಗೊತ್ತಾಗುತ್ತೆ. "ಒಂದ್ ವಾರ ಅಷ್ಟೇ ಸಾರ್, ಕಳಿಸ್ತೀವಿ" ಅನ್ನೋ ಮಾತು ಕೇಳದ ಮೇಷ್ಟ್ರು ಈ ಭಾಗದಲ್ಲಿ ಕಡಿಮೆ.

48 ಸಾವಿರ ರೂಪಾಯಿಯ ಪರೀಕ್ಷೆ

ಇದೇ ಹಂತದ ಮಕ್ಕಳಿಗಾಗಿ ಇರೋದು ಎನ್‌ಎಂಎಂಎಸ್ ಪರೀಕ್ಷೆ. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಎಂಟನೇ ತರಗತಿ ಮಕ್ಕಳು ಬರೀಬಹುದು. ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು, ಪರಿಶಿಷ್ಟ ಜಾತಿ-ಪಂಗಡದವರಿಗೆ ಶೇ 5 ವಿನಾಯಿತಿ. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷ ದಾಟಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000, ನೇರ ಮಗುವಿನ ಬ್ಯಾಂಕ್ ಖಾತೆಗೆ.

ತಿಂಗಳಿಗೆ ಸಾವಿರ ರೂಪಾಯಿ ಅಂದ್ರೆ ಇವತ್ತಿನ ಕಾಲಕ್ಕೆ ದೊಡ್ಡ ದುಡ್ಡಲ್ಲ ಅನ್ನಿಸಬಹುದು. ಕೂಲಿ ಮನೆಯಲ್ಲಿ "ಶಾಲೆ ಬಿಡಿಸೋಣ" ಅನ್ನೋ ಮಾತು ಬಂದಾಗ ತಾಯಿಗೆ ಎದುರು ಮಾತಾಡೋಕೆ ಅದೊಂದು ಬಲ. ಪ್ರಶ್ನೆಗಳೂ ಕಬ್ಬಿಣದ ಕಡಲೆ ಅಲ್ಲ: ಒಂದು ಪತ್ರಿಕೆ ಬುದ್ಧಿಶಕ್ತಿಯದು, ಇನ್ನೊಂದು ಏಳು-ಎಂಟರ ಗಣಿತ, ವಿಜ್ಞಾನ, ಸಮಾಜದ್ದು. ಕೆಲವು ತಿಂಗಳು ಅಭ್ಯಾಸ ಮಾಡಿಸಿದರೆ ಸಾಮಾನ್ಯ ಮಕ್ಕಳೂ ಬರೀತಾರೆ.

ಎಡವೋದು ಕಾಗದದಲ್ಲಿ. ಆದಾಯ ಪ್ರಮಾಣ ಪತ್ರ ಸಿಕ್ಕಿರಲ್ಲ, ಆಧಾರ್‌ನಲ್ಲಿ ಹೆಸರು ಒಂದು, ಶಾಲೆ ದಾಖಲೆಯಲ್ಲಿ ಇನ್ನೊಂದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲ್ಲ. ಪಾಸಾದ ಮೇಲೂ ಪ್ರತಿ ವರ್ಷ ಆನ್‌ಲೈನಿನಲ್ಲಿ ನವೀಕರಣ ಮಾಡಬೇಕು. ಅದು ತಪ್ಪಿದರೆ ಗೆದ್ದ ದುಡ್ಡು ಕೈಗೆ ಬರಲ್ಲ.

ಸೇವೆ ಅಂದ್ರೆ ಇದೂ ಹೌದು

ಸಮುದಾಯ ಸೇವೆ ಅಂದ ಕೂಡಲೇ ನಮಗೆ ನೆನಪಾಗೋದು ಸಸಿ ನೆಡೋದು, ಜಾಥಾ, ಸ್ವಚ್ಛತಾ ಕಾರ್ಯಕ್ರಮ. ಸ್ಕೌಟ್ಸ್-ಗೈಡ್ಸ್ ಮಕ್ಕಳು, ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಇದನ್ನ ಚೆನ್ನಾಗೇ ಮಾಡ್ತಾರೆ. ಅದರ ಜೊತೆ ಪಿಯು ಓದುವ ಹುಡುಗರು ಭಾನುವಾರ ಎರಡು ಗಂಟೆ ತಮ್ಮೂರ ಎಂಟನೇ ಕ್ಲಾಸಿನ ತಮ್ಮ-ತಂಗಿಯರಿಗೆ ಲೆಕ್ಕ ಹೇಳಿಕೊಟ್ಟರೆ? ಎಮ್ಮಿಗನೂರು, ಮೆಟ್ರಿ, ದೇವಸಮುದ್ರ, ರಾಮಸಾಗರದಂಥ ಊರುಗಳಲ್ಲಿ ಓದಿಕೊಂಡ ಹುಡುಗರಿಗೆ ಬರ ಇಲ್ಲ.

ಅಂಗಡಿಯವರ ಪಾಲೂ ಇದೆ. ಝೆರಾಕ್ಸ್, ಆನ್‌ಲೈನ್ ಸೆಂಟರ್ ಇಟ್ಟವರು ವರ್ಷಕ್ಕೊಂದು ದಿನ ಈ ಮಕ್ಕಳ ಅರ್ಜಿ, ನವೀಕರಣ ಉಚಿತವಾಗಿ ಮಾಡಿಕೊಡಬಹುದು. ಪುಸ್ತಕದ ಅಂಗಡಿಯವರು ಒಂದು ಶಾಲೆಗೆ ಹಳೇ ಪ್ರಶ್ನೆಪತ್ರಿಕೆಗಳ ಸೆಟ್ ಕೊಡಬಹುದು. ಫ್ಲೆಕ್ಸಿಗೆ ಕೊಡೋ ದುಡ್ಡಿನಲ್ಲೇ ಇದು ಆಗುತ್ತೆ.

ಇನ್ನೊಂದು ಮಾತು ನೇರವಾಗೇ ಹೇಳಬೇಕು. ವೇದಿಕೆ ಮೇಲೆ ಶಾಲು ಹೊದಿಸಿ, ಅಂಗಡಿಯಲ್ಲಿ ಹನ್ನೆರಡು-ಹದಿಮೂರರ ಹುಡುಗನ್ನ ಕೆಲಸಕ್ಕೆ ಇಟ್ಟುಕೊಂಡ್ರೆ ಅದು ಸೇವೆ ಅನ್ನಿಸಿಕೊಳ್ಳಲ್ಲ. 14ರ ಒಳಗಿನವರನ್ನ ದುಡಿಸಿದರೆ 2016ರ ತಿದ್ದುಪಡಿಯ ಪ್ರಕಾರ 20 ಸಾವಿರದಿಂದ 50 ಸಾವಿರದವರೆಗೆ ದಂಡ, ಆರು ತಿಂಗಳಿಂದ ಎರಡು ವರ್ಷ ಜೈಲು, ಅಥವಾ ಎರಡೂ.

ದುಡ್ಡಿದ್ದವರೇ ಶಾಲೆ ಬೆಳೆಸಬೇಕು ಅಂತೇನಿಲ್ಲ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರಿಗೆ ಓದು ಬರ್ತಿರಲಿಲ್ಲ. ವಿದೇಶಿ ದಂಪತಿ ಇಂಗ್ಲಿಷಿನಲ್ಲಿ ಹಣ್ಣಿನ ರೇಟ್ ಕೇಳಿದಾಗ ಉತ್ತರ ಹೇಳಲಾಗದೆ ನಾಚಿಕೆಪಟ್ಟವರು, ತಮ್ಮೂರ ಮಕ್ಕಳಿಗೆ ಹೀಗಾಗಬಾರದು ಅಂತ ಉಳಿಸಿದ ದುಡ್ಡಲ್ಲಿ ಶಾಲೆ ಕಟ್ಟೋಕೆ ಹೊರಟರು. ಅವರು ಓಡಾಡಿ ತಂದಿದ್ದು ಸರ್ಕಾರಿ ಶಾಲೆಯನ್ನೇ. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆ ಆಯ್ತು.

ಕೇಳಬೇಕಾದ ನಾಲ್ಕು ಲೆಕ್ಕ

ಶಾಲೆಯ ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಅಂತ ಕಾಯ್ದೆ ಹೇಳುತ್ತೆ. ಅಂದ್ರೆ ಕೇಳೋ ಹಕ್ಕು ನಮ್ಮದೇ. ಮುಂದಿನ ಸಭೆಯಲ್ಲಿ ನಾಲ್ಕೇ ಪ್ರಶ್ನೆ ಇಡಿ:

1. ಹೋದ ವರ್ಷ ಎಂಟರಲ್ಲಿ ಎಷ್ಟು ಮಕ್ಕಳಿದ್ದರು, ಅವರಲ್ಲಿ ಎಷ್ಟು ಜನ ಒಂಬತ್ತಕ್ಕೆ ಸೇರಿದರು?
2. ಎನ್‌ಎಂಎಂಎಸ್ ಬರೆಯಲು ಅರ್ಹರೆಷ್ಟು, ಬರೆದವರೆಷ್ಟು?
3. ಆಯ್ಕೆಯಾದವರಲ್ಲಿ ಈ ವರ್ಷ ನವೀಕರಣ ಆಗಿದ್ದು ಎಷ್ಟು ಜನರದ್ದು?
4. ಶಾಲೆ ಬಿಟ್ಟವರ ಮನೆಗೆ ಯಾರು ಹೋಗಿ ಮಾತಾಡಿದರು?

ಉತ್ತರ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಬರಲಿ. ಮುಖ್ಯಗುರುಗಳನ್ನ ತಪ್ಪಿತಸ್ಥರ ಹಾಗೆ ನಿಲ್ಲಿಸೋಕೆ ಅಲ್ಲ; ಬಿಸಿಯೂಟದಿಂದ ಹಿಡಿದು ಆನ್‌ಲೈನ್ ಮಾಹಿತಿವರೆಗೆ ಅವರ ತಲೆ ಮೇಲೆ ಈಗಾಗಲೇ ಬೇಕಾದಷ್ಟು ಭಾರ ಇದೆ. ಲೆಕ್ಕ ಗೊತ್ತಾದರೆ ಊರಿನವರು ಎಲ್ಲಿ ಕೈ ಹಾಕಬೇಕು ಅಂತ ತಿಳಿಯುತ್ತೆ.

2018ರಿಂದ ಕಂಪ್ಲಿ ಸ್ವಂತ ತಾಲ್ಲೂಕು. ಕಚೇರಿ, ಕಟ್ಟಡಕ್ಕೆ ಹೋರಾಡಿದ ಊರು ನಮ್ಮದು. ಮುಂದಿನ ಸನ್ಮಾನದ ದಿನ ಟಾಪರ್ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕೋಣ. ಮಧ್ಯದಲ್ಲಿ ಶಾಲೆ ಬಿಟ್ಟು ಮತ್ತೆ ಬಂದು ಪಾಸಾದ ಮಗು ಅಲ್ಲಿ ಕೂರಲಿ. ಅದರ ಅಂಕ ಕಮ್ಮಿ ಇರಬಹುದು, ಅದು ನಡೆದುಬಂದ ದಾರಿ ಮಾತ್ರ ಟಾಪರ್ ದಾರಿಗಿಂತ ಗಿಡ್ಡ ಅಲ್ಲ.